ಬಿಸಿಯೂಟದ ಮನೆಯ ದುರಂತ ನಾಯಕಿ

ಆಕೆಯ ಎರಡೂ ಕೈಗಳ ಮೇಲೆ ಮೊಣಕೈತನಕ ಸಣ್ಣ ಸಣ್ಣ ಕರಿ ಚುಕ್ಕೆಗಳಿದ್ದವು. ಒಗ್ಗರಣೆಯ ಎಣ್ಣೆ ಸಿಡಿದು ಆದ ಕಲೆಗಳು. ದೂರದಿಂದ ಹಚ್ಚೆಯಂತೆ ಕಾಣುತ್ತಿದ್ದವು. ಕುದಿಯುವ ಸಾರನ್ನು ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಹ್ಞಾಂ, ಈಗ ಬಂತ್ ನೋಡು" ಅನ್ನುವವರೆಗೆ ಯಾರೂ ತಾಟು ಮುಟ್ಟುವಂತಿರಲಿಲ್ಲ.

ನವಲಗುಂದ ತಾಲೂಕಿನ ನಮ್ಮ ಹಳ್ಳಿಯ ಶಾಲೆಗೆ ನಾನು ಶಿಕ್ಷಕಿಯಾಗಿ ಸೇರಿದ ವರ್ಷವೇ ಆಕೆ ಬಿಸಿಯೂಟದ ಅಡುಗೆಗೆ ಬಂದಳು. ಮಕ್ಕಳಿಗೆ ಆಕೆ ಆಯಿ. ಒಳ್ಳೆಯವಳು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥ ಹೆಂಗಸಲ್ಲ. ತಂಬಾಕು ಜಗಿಯುತ್ತಿದ್ದಳು. ಬಾಯಿ ಬಿರುಸು. ಸಾಲು ತಪ್ಪಿಸಿದ ಹುಡುಗರ ಬೆನ್ನಿಗೆ ಗುದ್ದು ಬೀಳುತ್ತಿತ್ತು. ನಾನು ಬೇಡವೆಂದರೆ, "ನೀವು ಪಾಠ ನೋಡ್ಕೋರಿ ಅಕ್ಕೋರ, ಒಲಿ ನಂದು" ಅನ್ನುತ್ತಿದ್ದಳು.

ಆಕೆ ದಲಿತರ ಓಣಿಯವಳು. ಆಕೆ ಒಲೆ ಹಚ್ಚಿದ್ದೇ ತಡ, ಊರಿನ ಕೆಲವು ಮನೆಗಳ ಮಕ್ಕಳು ಡಬ್ಬಿ ತರತೊಡಗಿದರು. ಊಟದ ಹೊತ್ತಿಗೆ ಅರ್ಧ ಪಡಸಾಲೆ ಖಾಲಿ. ಆಕೆ ಮಾತ್ರ ಎಲ್ಲರಿಗೂ ಸಾಲುವಷ್ಟು ಅನ್ನ ಮಾಡುತ್ತಲೇ ಇದ್ದಳು.

"ಕಡಿಮಿ ಮಾಡವಾ, ದಂಡ ಆಗ್ತೈತಿ," ಎಂದರು ಹೆಡ್ಮಾಸ್ತರರು.

"ಕಡಿಮಿ ಮಾಡಿದ್ರ, ಅವ್ರು ಬರೂದಿಲ್ಲಂತ ನಾನೇ ಒಪ್ಪಿದಂಗ ಆಗ್ತೈತ್ರಿ ಸರ."

ಊರಿನ ಹಿರಿಯರೊಬ್ಬರು ರಾಜಿಗೆ ಬಂದರು. ಅವರನ್ನು ಎಲ್ಲರೂ ಗೌಡರು ಎನ್ನುತ್ತಿದ್ದರು. ಆಕೆ ಅಕ್ಕಿ ಆರಿಸಿ ತೊಳೆದು ಕೊಡಲಿ, ಪಾತ್ರೆ ತಿಕ್ಕಲಿ, ಪಗಾರ ಅಷ್ಟೇ ಇರಲಿ. ಒಲೆಯ ಮುಂದೆ ಮಾತ್ರ ಬೇರೆಯವರು ನಿಲ್ಲಲಿ ಎಂದರು. ಆಕೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ನಾ ತೊಳದ ಅಕ್ಕಿಗೆ ಮೈಲಿಗಿ ಇಲ್ಲ, ಅದ ಅಕ್ಕಿ ಕುದ್ದ ಮ್ಯಾಲ ಬರ್ತೈತೇನ್ರಿ ಗೌಡ್ರ?"

ಗೌಡರು ಪಂಚೆ ಕೊಡವಿಕೊಂಡು ಎದ್ದುಹೋದರು.

ಮರುದಿನದಿಂದ ನಾನು ಮಕ್ಕಳ ಸಾಲಿನಲ್ಲೇ ಕೂತು ಉಣ್ಣತೊಡಗಿದೆ. ನನ್ನದೂ ಗೌಡರ ಓಣಿಯೇ. ಈ ಸುದ್ದಿ ಕೇಳಿ ಅಪ್ಪ ನನ್ನೊಡನೆ ಮಾತು ಬಿಟ್ಟರು. ಆಕೆಗೆ ಸಂತೋಷವಾಗಬಹುದೆಂದುಕೊಂಡಿದ್ದೆ. ಅನ್ನ ಬಡಿಸುತ್ತ ಆಕೆ, "ನನಗ ಉಪಕಾರ ಮಾಡಾಕ ಉಣ್ಣಬ್ಯಾಡ್ರಿ ಅಕ್ಕೋರ. ಹಸಿವಾಗಿದ್ರ ಉಣ್ರಿ," ಎಂದಳು. ಹಸಿವಾಗಿತ್ತು. ಉಂಡೆ.

ಡಬ್ಬಿ ಬಿಟ್ಟು ಸಾಲಿಗೆ ಮೊದಲು ಬಂದವರು ಸಣ್ಣ ಹುಡುಗಿಯರು. ಆಮೇಲೆ ಅವರ ತಮ್ಮಂದಿರು. ದಸರಾ ರಜೆ ಮುಗಿದು ಶಾಲೆ ತೆರೆದಾಗ ಡಬ್ಬಿಗಳು ಕಾಣೆಯಾಗಿದ್ದವು. ಪಡಸಾಲೆ ತುಂಬಿತು. ಆ ದಿನ ಆಕೆ ಯಾರ ಬೆನ್ನಿಗೂ ಗುದ್ದಲಿಲ್ಲ.

ಹೀಗೆ ಗೆದ್ದುಕೊಂಡದ್ದನ್ನು ಆಕೆಯ ಕೈಯೇ ಕಳೆಯಿತು.

ಗೌಡರ ಮೊಮ್ಮಗ ಒಂದು ಮಧ್ಯಾಹ್ನ ಆಕೆಯ ಎದುರಿಗೇ ತಾಟು ಬೋರಲು ಹಾಕಿ, ಆಕೆಯ ಜಾತಿ ಹಿಡಿದು ಒಂದು ಮಾತು ಅಂದ. ಆ ಮಾತನ್ನು ನಾನಿಲ್ಲಿ ಬರೆಯುವುದಿಲ್ಲ. ಆಕೆಯ ಕೈಯಲ್ಲಿದ್ದ ಸೌಟು ಅವನ ಹಣೆಗೆ ಬಿತ್ತು. ಹುಡುಗನ ಮುಖದ ತುಂಬ ರಕ್ತ. ನಾನು ಸೆರಗು ಒತ್ತಿ ಹಿಡಿದು ಅವನನ್ನು ದವಾಖಾನೆಗೆ ಕರೆದೊಯ್ದೆ. ಹೊಲಿಗೆ ಹಾಕುವಾಗ ಅವನು ನನ್ನ ಬೆರಳು ಬಿಡಲಿಲ್ಲ.

ಮರುದಿನ ಶಾಲೆಯ ಅಂಗಳದಲ್ಲಿ ಊರು ಸೇರಿತು. ಅದಕ್ಕೂ ಮೊದಲು ನಾನು ಆಕೆಯ ಕಿವಿಯಲ್ಲಿ, "ಸೌಟು ಕೈ ಜಾರಿ ಬಿತ್ತು ಅನ್ರಿ, ನಾ ಸಾಕ್ಷಿ ಹೇಳ್ತೀನಿ," ಎಂದಿದ್ದೆ.

"ಜಾರಿಲ್ರಿ," ಎಂದಳು. "ಹೊಡದೇನಿ."

ಸಭೆಯಲ್ಲೂ ಎದ್ದು ನಿಂತು ಅದನ್ನೇ ಹೇಳಿದಳು. "ಹುಡುಗನ್ನ ಹೊಡದೇನಿ. ತಪ್ಪು ನಂದು. ಮಾತು ಕಲಿಸಿದವ್ರನ್ನ ಬಿಟ್ಟು ಕೂಸಿನ ಮ್ಯಾಲ ಕೈ ಮಾಡಿದೆ. ಕೆಲಸ ಬಿಡ್ತೀನಿ. ಆದ್ರ ನಾ ಮಾಡಿದ್ದು ನಮ್ಮ ಓಣಿ ಮಾಡಿದ್ದಲ್ಲ. ನಾಳೆ ಈ ಒಲಿ ಹಚ್ಚಾಕಿ ನಮ್ಮ ಓಣಿಯಾಕೀನ ಆಗಬೇಕು. ಅಲ್ಲೀತನಕ ನಾ ಏಳಂಗಿಲ್ಲ." ಹಾಗೆಂದು ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ಕೂತುಬಿಟ್ಟಳು.

ಗದ್ದಲವೆದ್ದಿತು. ಅದನ್ನು ನಿಲ್ಲಿಸಿದ್ದು ಹುಡುಗನ ತಾಯಿ, ಗೌಡರ ಸೊಸೆ. ಎಂದೂ ಮಾವನ ಎದುರು ದನಿ ಎತ್ತದವಳು. "ಆಕೀನ್ನ ಇಡಬ್ಯಾಡ್ರಿ, ನನ್ನ ಕೂಸಿನ ಹಣಿ ಒಡದಾಳ," ಎಂದಳು ಅಳುತ್ತಲೇ. "ಆದ್ರ ಅಡಗಿ ಯಾರ್ ಮಾಡಬೇಕು ಅನ್ನೂದು ಬ್ಯಾರೆ ಮಾತು. ಅವ್ರ ಓಣಿಯಾವ್ರ ಮಾಡ್ಲಿ. ನನ್ನ ಮಗ ಉಣ್ತಾನ."

ದಲಿತರ ಓಣಿಯ ಇನ್ನೊಬ್ಬ ಹೆಣ್ಣುಮಗಳು ಮರುದಿನ ಒಲೆ ಹಚ್ಚಿದಳು. ಯಾರೂ ಡಬ್ಬಿ ತರಲಿಲ್ಲ. ಆಯಿ ಮಾತ್ರ ಮತ್ತೆ ಶಾಲೆಯೊಳಗೆ ಕಾಲಿಡಲಿಲ್ಲ. ಬಿಸಿಲಲ್ಲಿ ಕಳೆ ತೆಗೆಯಲು, ಮೆಣಸಿನಕಾಯಿ ಬಿಡಿಸಲು ಹೋದಳು. ಶಾಲೆಯ ಮುಂದೆ ಹಾಯುವಾಗ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದಳು. ಒಮ್ಮೆ ಬಸ್ಸಿಗೆ ಕಾಯುವಾಗ ಪಕ್ಕಕ್ಕೆ ಬಂದು ನಿಂತು, "ಆ ಹುಡುಗನ ಗಾಯ ಮಾದೈತೇನ್ರಿ?" ಎಂದು ಕೇಳಿದಳು. ಮಾಯ್ದಿದೆ ಎಂದೆ.

ಈಗ ನಾನು ಅಣ್ಣಿಗೇರಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತೇನೆ. ಹೋದ ವರ್ಷ ಆಕೆ ಎದೆನೋವಿನಿಂದ ತೀರಿಕೊಂಡಳು. ಮಣ್ಣಿಗೆ ಹೋಗಿ ಬಂದವಳು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರ ಎದುರು ಇದನ್ನೆಲ್ಲ ಹೇಳಿ, "ದುರಂತ ನಾಯಕಿ ಅಂದ್ರ ಈಕೀನ ನೋಡ್ರಿ," ಎಂದೆ. ಅವರು ನಕ್ಕರು. "ಅದಕ್ಕ ಎತ್ತರದಾಗ ಇರಬೇಕ್ರಿ ಮೇಡಂ, ಅಲ್ಲಿಂದ ಬೀಳಬೇಕು. ಅಡಗಿ ಮಾಡಾಕಿ ಎಲ್ಲಿಂದ ಬೀಳ್ತಾಳ? ಸಿಟ್ಟಿನಿಂದ ಕೆಲಸ ಕಳಕೊಂಡಾಳ, ಅಷ್ಟ."

ರಾಜ ಸಿಟ್ಟಿನಿಂದ ರಾಜ್ಯ ಕಳೆದುಕೊಂಡರೆ ದುರಂತ, ಈಕೆ ಕಳೆದುಕೊಂಡರೆ ಬರೀ ಪಗಾರವೇ? ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಗೌಡರ ಎದುರು ಬಾಗದ ಆ ಬಿರುಸೇ ಮಗುವಿನ ಹಣೆಯನ್ನೂ ಒಡೆಯಿತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು ಆಕೆಗೆ ಸಾಧ್ಯವಿರಲಿಲ್ಲ. ತಪ್ಪನ್ನು ಪೂರಾ ತನ್ನದೆಂದು ಒಪ್ಪಿಕೊಂಡ ಮೇಲೂ ಹಕ್ಕಿನ ಮಾತನ್ನು ಬಿಡಬಾರದೆಂದು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಆಕೆಯಿಂದ.

ಈ ಸಲ ನಾಟಕದ ಪಾಠ ಬಂದಾಗ ತರಗತಿಯಲ್ಲಿ ಆಕೆಯ ಕಥೆಯನ್ನೇ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಆದ್ರ ಕೂಸಿನ್ನ ಹೊಡದದ್ದು ತಪ್ಪಲ್ಲೇನ್ರಿ ಮೇಡಂ?" ಎಂದಳು.

"ತಪ್ಪು," ಎಂದೆ. "ತಪ್ಪ ಮಾಡದಾವ್ರ ಕಥಿ ಹೇಳಾಕ ನಾ ಬಂದಿಲ್ಲವಾ. ಕುಂದರು, ಇನ್ನೂ ಐತಿ."