ದೊಡ್ಡಪ್ಪನ ಜ್ವರ

ನಿನ್ನೆ ಸಿಟಿ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿಕೊಂಡು ಮೂಸುತ್ತಿದ್ದಳು. ಆ ವಾಸನೆಗೆ ನಿಮಗೆ ನೆಗಡಿ ನೆನಪಾಗಬಹುದು. ನನಗೆ ಸಾರಾಯಿ ನೆನಪಾಗುತ್ತದೆ. ತಡೆಯಲಾರದೆ ಅಗ್ರಹಾರದ ಸ್ಟಾಪಿನಲ್ಲೇ ಇಳಿದುಬಿಟ್ಟೆ. ಮೂಗಿನ ಮಾತು ಕೇಳಿ ಕಾಲಿಗೆ ಶಿಕ್ಷೆ ಕೊಡುವ ಜಾತಿ ನನ್ನದು.

ಅಗ್ರಹಾರದ ನಮ್ಮ ತವರಿನಲ್ಲಿ 'ದೊಡ್ಡಪ್ಪ ಕುಡಿಯುತ್ತಾರೆ' ಎಂಬ ಮಾತನ್ನು ಯಾರೂ ಆಡಿದವರಲ್ಲ. ಮಠಕ್ಕೆ ನಡೆದುಕೊಳ್ಳುವ ಮನೆತನ, ಹಣೆತುಂಬ ವಿಭೂತಿ, ಜವಳಿ ಅಂಗಡಿ. ಸಾಲದ್ದಕ್ಕೆ ಊರಲ್ಲಿ ಪಾನನಿರೋಧ. ದೊಡ್ಡಪ್ಪ ಅಂಗಡಿಗೆ ಹೋಗದ ದಿನ ದೊಡ್ಡಮ್ಮ ಬಾಗಿಲಲ್ಲೇ ನಿಂತು, "ಅವ್ರಿಗೆ ಜ್ವರ ಕಣ್ರೀ" ಎನ್ನುತ್ತಿದ್ದರು. ಸಾರಾಯಿ ವಾಸನೆ ಮುಚ್ಚಲು ದಿಂಬು, ಹೊದಿಕೆಗೆಲ್ಲ ನೀಲಗಿರಿ ಎಣ್ಣೆ. ಇಷ್ಟೊಂದು ಸಲ ಜ್ವರ ಬರುವ ಮನುಷ್ಯ ಹೇಗೆ ಬದುಕಿದ್ದಾನೆಂದು ಬೀದಿಯವರು ಒಮ್ಮೆಯೂ ಕೇಳಲಿಲ್ಲ. ಕೇಳುವುದೇಕೆ, ಎಲ್ಲರಿಗೂ ಗೊತ್ತಿತ್ತು.

ಕುಡಿಯದಾಗ ದೊಡ್ಡಪ್ಪ ಬಲು ಮೋಜಿನವರು. ನಾನು ಕಾಲೇಜಿಗೆ ಸೇರುತ್ತೇನೆಂದಾಗ ಮನೆಯವರೆಲ್ಲ ಮೂಗು ಮುರಿದರು. ಅವರೊಬ್ಬರೇ, "ಓದ್ಲಿ ಬುಡ್ರೋ, ನಮ್ಮ ಅಂಗ್ಡಿ ಬೋರ್ಡಿನ ತಪ್ಪಾದ್ರೂ ತಿದ್ತಾಳೆ" ಎಂದವರು. ಇದನ್ನು ಇಲ್ಲಿ ಹೇಳಬೇಕಿರಲಿಲ್ಲ. ಹೇಳದಿದ್ದರೆ ನೀವು ಅವರನ್ನು ಬರೀ ಕುಡುಕ ಎಂದುಕೊಳ್ಳುತ್ತೀರಿ.

ಸ್ವಾತಂತ್ರ್ಯ ಬಂದು ಹತ್ತು ವರ್ಷಕ್ಕೆ ಫ್ಲೂ ಬಂತು. ಮನೆಮನೆಯಲ್ಲೂ ಹಾಸಿಗೆ ಹಿಡಿದವರು. ಇಡೀ ಊರಿಗೇ ದೊಡ್ಡಪ್ಪನ ಕೋಣೆಯ ನೀಲಗಿರಿ ವಾಸನೆ. ಹಿನಕಲ್ ಕಡೆಯಿಂದ ಹಾಲಿನ ಕ್ಯಾನಿನಲ್ಲಿ ಕಳ್ಳಭಟ್ಟಿ ತಂದುಕೊಡುತ್ತಿದ್ದವನೂ ಮಲಗಿಬಿಟ್ಟ. ದೊಡ್ಡಪ್ಪನಿಗೆ ಒಂದು ತೊಟ್ಟೂ ಸಿಗಲಿಲ್ಲ. "ಬಿಟ್ಬುಟ್ರು ಕಣಮ್ಮ, ಶಿವ ಕಣ್ಣು ಬಿಟ್ಟ" ಎಂದು ದೊಡ್ಡಮ್ಮ ತುಪ್ಪದ ದೀಪ ಹಚ್ಚಿ ಪಾಯಸ ಮಾಡಿದರು. ಊರೆಲ್ಲ ನರಳುವಾಗ ಪಾಯಸ ಉಂಡ ಮನೆ ನಮ್ಮದೊಂದೇ ಇರಬೇಕು.

ಮಾರನೆಯ ದಿನ ಅವರ ಕೈ ನಡುಗತೊಡಗಿತು, ಆಮೇಲೆ ಮೈಯೆಲ್ಲ. ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸತೊಡಗಿದರು. ದೊಡ್ಡಮ್ಮ, ಅಪ್ಪ ಸೇರಿ ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ವರಾಂಡದಲ್ಲೂ ಕಾಲಿಡಲು ಜಾಗವಿರಲಿಲ್ಲವಂತೆ. ತಾವೂ ಕೆಮ್ಮುತ್ತಿದ್ದ ಡಾಕ್ಟರು ಏನು ಕಾಯಿಲೆ ಎಂದು ಕೇಳಿದ್ದಕ್ಕೆ ದೊಡ್ಡಮ್ಮ ಜ್ವರ ಎಂದರಂತೆ. ಬಾಯಿಗೆ ರೂಢಿಯಾಗಿದ್ದ ಮಾತು. "ಬೇರೆ ಏನಾದ್ರೂ ಅಭ್ಯಾಸ ಇದ್ಯಾ?" ಎಂದರೆ, "ಹಣೆ ನೋಡಿದ್ರೆ ಗೊತ್ತಾಗಲ್ವೇನಪ್ಪ?" ಎಂಬ ಉತ್ತರ. ಒಂದು ಬಾಟಲಿ ಮಿಕ್ಸ್ಚರ್ ಕೊಟ್ಟು ಕಳಿಸಿದರು. ಇದನ್ನೆಲ್ಲ ಮನೆಗೆ ಬಂದು ಹೇಳಿದವರು ಅಪ್ಪ. ಹೇಳುವಾಗ ತಲೆ ಎತ್ತಲಿಲ್ಲ.

ಎರಡು ದಿನ ಕಳೆದು ದೊಡ್ಡಪ್ಪ ಲಿಂಗೈಕ್ಯರಾದರು. ಬಂದವರೆಲ್ಲ, "ಫ್ಲೂ ಯಾರನ್ನೂ ಬಿಡ್ಲಿಲ್ಲ" ಎಂದರು. ಹಾಗೆ ಕುಡಿಯುವವರಿಗೆ ಸಾರಾಯಿ ಒಮ್ಮೆಲೇ ನಿಂತರೆ ಜೀವಕ್ಕೇ ಕುತ್ತು ಬರಬಹುದು, ಅದಕ್ಕೆ ಬೇರೆಯೇ ಔಷಧಿ ಉಂಟು ಎಂದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅಂದಿನಿಂದ ದೊಡ್ಡಮ್ಮನ ಮೇಲೆ ನನಗೆ ಕೆಂಡದಂಥ ಕೋಪ. ಮನೆಯ ಮಾನ ಉಳಿಸಿಕೊಂಡು ಮನೆಯ ಯಜಮಾನನನ್ನು ಕಳಕೊಂಡ ಹೆಂಗಸು ಎಂದು ನನ್ನ ಗಂಡನ ಮುಂದೆ ಎಷ್ಟು ಸಲ ಆಡಿದ್ದೇನೋ. ತವರಿಗೆ ಹೋದಾಗಲೂ ಅವರೊಡನೆ ಮಾತು ಎಷ್ಟು ಬೇಕೋ ಅಷ್ಟೇ.

ನಿನ್ನೆ ಬಸ್ಸಿಳಿದವಳು ಆ ಕೋಪದಲ್ಲೇ ಮನೆಗೆ ಹೋದೆ. ದೊಡ್ಡಮ್ಮ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಇಷ್ಟು ವರ್ಷ ಕೇಳದ್ದನ್ನು ಕೇಳಿಯೇಬಿಟ್ಟೆ: "ಅವತ್ತು ಡಾಕ್ಟ್ರಿಗೆ ನಿಜ ಹೇಳಕ್ಕೆ ನಿಮಗೇನಾಗಿತ್ತು ದೊಡ್ಡಮ್ಮ?"

"ಹೇಳ್ದೆ ಕಣೆ," ಎಂದರು. ಕೈ ನಿಲ್ಲಲಿಲ್ಲ. "ಮಾರನೇ ದಿನ ನಾನೊಬ್ಳೇ ಆಸ್ಪತ್ರೆಗೆ ಹೋಗಿದ್ದೆ. ನಿಮ್ಮಪ್ಪಂಗೂ ಗೊತ್ತಿಲ್ಲ. ಅಷ್ಟು ಜನದ ಮುಂದೆ ಹೇಳ್ದೆ, ಕುಡೀತಿದ್ರು, ಬಿಟ್ಟ ಮೇಲೆ ಇಂಗಾಗದೆ, ಏನಾದ್ರೂ ಮಾಡಿ ಅಂತ. ಜ್ವರದೋರಿಗೇ ಮಂಚ ಇಲ್ಲ, ಕುಡುಕರಿಗೆ ಎಲ್ಲಿಂದ ತರಣ, ಹೋಗಮ್ಮ ಅಂದ್ರು."

ನಮಗಾದರೂ ಯಾಕೆ ಹೇಳಲಿಲ್ಲ ಎಂದೆ.

"ಹೇಳಿ ಏನಾಗ್ಬೇಕಿತ್ತು?" ಎಂದರು ದೊಡ್ಡಮ್ಮ. "ಜ್ವರ ಅಂದಾಗ ಒಂದು ಬಾಟ್ಲಿ ಔಷಧಿನಾದ್ರೂ ಕೊಟ್ಟಿದ್ರು."