ದೆವ್ವದ ಪುಸ್ತಕಗಳ ರುದ್ರಾಣಿ

ಬಣಕಲ್ಲಿನಲ್ಲಿ ಹೆದ್ದಾರಿ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ರುದ್ರಾಣಿಗೆ ದೆವ್ವದ ಹುಚ್ಚು ಹಿಡಿದಿದೆ ಅಂತ ಊರವರು ಆಡಿಕೊಳ್ಳುವುದರಲ್ಲಿ ಅರ್ಧ ನಿಜವಿದೆ. ಹಿಡಿದಿರುವುದು ದೆವ್ವದ ಕಾದಂಬರಿಗಳ ಹುಚ್ಚು. ಅಪ್ಪ ಲಿಂಗಪ್ಪ ಹಾಸಿಗೆ ಹಿಡಿದಾಗ ಬಂದ ಸಂಬಂಧಗಳೆಲ್ಲ ತಪ್ಪಿಹೋದವು. ಅಪ್ಪ ಹೋದಮೇಲೆ ಕೇಳಿಕೊಂಡು ಬರುವವರೇ ಇರಲಿಲ್ಲ. ಅವಳು ಬಹಳ ವರ್ಷ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆದಳು. ಎಸ್ಟೇಟು ಕೈಬದಲಾಗಿ ಬಂಗಲೆ ಹೋಂಸ್ಟೇ ಆದಾಗ, ದೊರೆಗಳ ಕಾಲದ ಇಂಗ್ಲಿಷ್ ದೆವ್ವದ ಕಾದಂಬರಿಗಳನ್ನೆಲ್ಲ ಹೊಸ ಯಜಮಾನರು ಗುಜರಿಗೆ ಹಾಕಿಸಿದರು. ರುದ್ರಾಣಿ ಅವನ್ನು ಕಾಫಿ ಚೀಲದಲ್ಲಿ ತುಂಬಿಸಿಕೊಂಡು ಮನೆಗೆ ತಂದಳು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೂ ನಾಲ್ಕಾರು ಸಲ ಓದಿದಳು. ಓದಿದ್ದನ್ನು ಹೇಳಿಕೊಳ್ಳಲು ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ. ಪಕ್ಕದ ಮನೆ ಪಾಪಮ್ಮನಿಗೆ ಒಮ್ಮೆ ಕಥೆ ಹೇಳಹೋದರೆ, ಅವಳು ಕುಂಕುಮ ಹಚ್ಚಿಕೊಂಡು ಎದ್ದುಹೋಗಿದ್ದಳು.

ಹೀಗಿರುವಾಗ ಡಿಸೆಂಬರಿನಲ್ಲಿ ವಸ್ತಾರೆಯಿಂದ ಕೃತಿಕಾ ಬಂದಳು. ಇಂಗ್ಲಿಷ್ ಎಂ.ಎ. ಓದುವ ಹುಡುಗಿ. ಹಳೆಯ ಭಯಾನಕ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿಗಳ ಬಗ್ಗೆ ಪ್ರಾಜೆಕ್ಟ್ ಬರೆಯಬೇಕಿತ್ತು, ಅದೂ ಈ ಸೀಮೆಯ ಸಾಮಾನ್ಯ ಓದುಗರೊಬ್ಬರು ಅವನ್ನು ಹೇಗೆ ಕಾಣುತ್ತಾರೆ ಅನ್ನುವುದರ ಸಮೇತ. ಮಲೆನಾಡಿನಲ್ಲಿ ಅಂಥ ಓದುಗರು ಎಷ್ಟು ಮಂದಿ ಇದ್ದಾರು? ಕಾಫಿ ಬೆಳೆಯುವ ಅವಳ ಅಪ್ಪ ಕೃಷ್ಣಪ್ಪನವರಿಗೆ ಹಳೇ ರೈಟರಮ್ಮನ ನೆನಪಾಯಿತು.

ಭಾನುವಾರ ಅಂಗಡಿಗೆ ಅರ್ಧ ಬಾಗಿಲು ಎಳೆದು ಇಬ್ಬರೂ ಕೂರುತ್ತಿದ್ದರು. ಎಲ್ಲ ಪುಸ್ತಕದಲ್ಲೂ, ವಾಸ ಇರುವವರಿಗೆ ಬೇಕಾದ್ದಕ್ಕಿಂತ ದೊಡ್ಡ ಮನೆಯೊಂದಿದೆ ಅಂತ ರುದ್ರಾಣಿ ಶುರುಮಾಡಿದಳು. ಆ ಮನೆಯಲ್ಲಿ ಯಾರೂ ತೆಗೆಯಬಾರದ ಒಂದು ಕೋಣೆ. ಅಪ್ಪಂದಿರು ಮಾಡಿದ್ದನ್ನು ಉಣ್ಣುವ ಮಕ್ಕಳು. ಇನ್ನು ಮಳೆ, ಗುಡುಗು. ಆ ಪುಸ್ತಕದವರಿಗೆ ಒಂದು ರಾತ್ರಿ ಮಳೆ ಹೊಡೆದರೆ ದೆವ್ವ ಬರುತ್ತದೆ, ನಮಗೆ ನಾಲ್ಕು ತಿಂಗಳು ಹೊಡೆದರೂ ಲೈನ್‌ಮನ್ ಸಹ ಬರುವುದಿಲ್ಲ ಅಂದಾಗ ಕೃತಿಕಾ ಬಿದ್ದು ಬಿದ್ದು ನಕ್ಕಳು. ಅವಳಿಗೆಂದು ರುದ್ರಾಣಿ ಕಡುಬು ಬೇಯಿಸಿ ಅವರೆಕಾಳು ಸಾರು ಮಾಡುತ್ತಿದ್ದಳು. ಹೊರಡುವಾಗ ಪುಸ್ತಕವೂ ಅವಳ ಚೀಲ ಸೇರುತ್ತಿತ್ತು, ಉಂಡೂ ಹೋದ ಕೊಂಡೂ ಹೋದ ಅನ್ನುವ ಹಾಗೆ. ಮೊದಲು ಆಂಟಿ ಅನ್ನುತ್ತಿದ್ದವಳು ಸಂಕ್ರಾಂತಿ ಹೊತ್ತಿಗೆ ಅತ್ತೆ ಅನ್ನತೊಡಗಿದಳು. ಆವತ್ತು ಇಡೀ ದಿನ ರುದ್ರಾಣಿಯ ಕಾಲು ನೆಲದ ಮೇಲಿರಲಿಲ್ಲ.

ಆದರೆ ಹೇಳುವುದೆಲ್ಲ ಮುಗಿಯುತ್ತ ಬಂತು. ಮುಗಿದರೆ ಹುಡುಗಿ ಇನ್ನು ಯಾಕೆ ಬಂದಾಳು? ರುದ್ರಾಣಿ ಸುಳ್ಳು ಹೇಳಿದಳು, ಇದರಲ್ಲಿ ಮುಚ್ಚುಮರೆ ಬೇಡ. ಎಲ್ಲ ಕಾದಂಬರಿಗಳಲ್ಲೂ ಇರುವ ಇನ್ನೊಂದು ಸಂಗತಿ ಇದೆ, ಎಲ್ಲಕ್ಕಿಂತ ದೊಡ್ಡದು, ಮುಂದಿನ ವಾರ ಹೇಳುತ್ತೇನೆ ಅಂದಳು. ಮುಂದಿನ ವಾರ ತಲೆನೋವು ಅಂದಳು. ಅದರ ಮುಂದಿನ ವಾರ, ಇದು ಅವಸರದಲ್ಲಿ ಹೇಳುವ ಮಾತಲ್ಲ ಅಂದಳು. ಹಾಗೊಂದು ಸಂಗತಿಯೇ ಅವಳ ಬಳಿ ಇರಲಿಲ್ಲ. ಅದನ್ನು ನಂಬಿಕೊಂಡು ಕೃತಿಕಾ ಪ್ರಾಜೆಕ್ಟ್ ಕೊಡುವ ದಿನ ಮುಂದೆ ಹಾಕಿಸಿಕೊಂಡಳು. ಕಾಲೇಜಿನ ಮೇಡಂ ಎಲ್ಲರೆದುರು ಬೈದರಂತೆ. ಮತ್ತೆ ವಾಯಿದೆ ಇಲ್ಲ, ಸೋಮವಾರ ಕೊಡದಿದ್ದರೆ ಈ ವರ್ಷದ ಕಥೆ ಅಷ್ಟೇ ಅಂದರಂತೆ. ಕೇಳಿ ರುದ್ರಾಣಿ ಅವಳ ತಟ್ಟೆಗೆ ಇನ್ನೆರಡು ಕಡುಬು ಹಾಕಿದಳು. ನಿಜ ಮಾತ್ರ ಹೇಳಲಿಲ್ಲ.

ಆ ಕೊನೆಯ ಭಾನುವಾರ ಊಟ ಮುಗಿಸಿ ಕೈತೊಳೆದು ಬಂದ ಕೃತಿಕಾಳ ಮುಖ ಅರಳಿತ್ತು.

"ಅತ್ತೆ, ನೀವು ಹೇಳದೆ ಸತಾಯಿಸ್ತಿದ್ದ ಸಂಗತಿ ಯಾವ್ದು ಅಂತ ನಂಗೆ ಗೊತ್ತಾಯ್ತು," ಅಂದಳು. "ಆ ಮನೆ ಯಜಮಾನರು. ಎಲ್ಲಾ ಪುಸ್ತಕದಲ್ಲೂ ಬಂದೋರಿಗೆ ಚೆನ್ನಾಗಿ ಬಡಿಸ್ತಾರೆ, ಪ್ರೀತಿಯಿಂದ ಮಾತಾಡ್ತಾರೆ, ಇನ್ನೊಂದು ದಿನ ಇರಿ ಅಂತಾರೆ. ಏನೋ ಒಂದು ನೆಪ ಹೇಳಿ ಹೇಳಿ ಹೋಗೋಕೇ ಬಿಡಲ್ಲ. ಬಂದೋರಿಗೆ ಹೊರಗೆ ಏನು ಹಾಳಾಗ್ತಿದೆ ಅನ್ನೋದು ಅವರಿಗೆ ಬೇಕಾಗೇ ಇಲ್ಲ. ಒಬ್ರೇ ಇದ್ದೂ ಇದ್ದೂ ಹಾಗಾಗಿರ್ತಾರೆ. ದೆವ್ವಕ್ಕಿಂತ ಅವ್ರೇ ಹೆದರಿಕೆ ಅಲ್ವಾ? ಇದೇ ತಾನೆ ನೀವು ಹೇಳ್ಬೇಕಂತಿದ್ದಿದ್ದು?"

ಹುಡುಗಿಯ ಮಾತಿನಲ್ಲಿ ಕುಹಕ ಇರಲಿಲ್ಲ. ಯಾರೆದುರು ಏನು ಆಡಿದೆ ಅನ್ನುವುದೂ ಅವಳಿಗೆ ತಿಳಿದಿರಲಿಲ್ಲ. ರುದ್ರಾಣಿ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಇಷ್ಟು ವರ್ಷ ಆ ಯಜಮಾನರ ಪುಟ ಬಂದಾಗಲೆಲ್ಲ ಪಾಪ ಅನ್ನಿಸುತ್ತಿತ್ತು, ಭಯ ಆಗಿದ್ದೇ ಇಲ್ಲ. ಯಾಕೆ ಅಂತ ಈಗ ಗೊತ್ತಾಗಿ ನಾಚಿಕೆಯಾಯಿತು.

"ಅದೇ," ಅಂದಳು. "ಇನ್ನೇನೂ ಉಳಿದಿಲ್ಲ ಮಗಾ. ಇವತ್ತೇ ಬರೆದು ಮುಗಿಸು. ಹೊರಡು, ಮೂಡಿಗೆರೆ ಬಸ್ಸು ಬರೋ ಹೊತ್ತಾಯ್ತು."

ಮುಂದಿನ ಭಾನುವಾರ ಬರಲೇ ಅಂತ ಕೃತಿಕಾ ಚಪ್ಪಲಿ ಮೆಟ್ಟುತ್ತ ಕೇಳಿದಳು. ಬಾ ಅನ್ನುವ ಮಾತು ರುದ್ರಾಣಿಯ ಬಾಯಿಯ ತನಕ ಬಂದಿತ್ತು. ಮುಂದೆ ಪರೀಕ್ಷೆ ಇದೆಯಲ್ಲ, ಓದಿಕೋ ಅಂದಳು. ಸ್ಟಾಪಿನ ತನಕ ಜೊತೆಗೆ ಹೋಗಿ, ಸೀಟು ಸಿಕ್ಕಿತಾ ಅಂತ ಕಿಟಕಿಯಲ್ಲಿ ನೋಡಿ, ಬಸ್ಸು ತಿರುವು ದಾಟಿದ ಮೇಲೆ ವಾಪಸಾದಳು. ಬಾಗಿಲು ಹಾಕಿಕೊಂಡು ಅತ್ತಳು.

ಸಂಜೆ ಸುಮ್ಮನೆ ಒಂದು ಪುಸ್ತಕ ತೆಗೆದು ಕೊನೆಯ ಪುಟಗಳನ್ನು ತಿರುವಿದಳು. ಆಮೇಲೆ ಇನ್ನೊಂದು. ಬಂದವರು ಹೇಗೋ ಪಾರಾಗಿ ತಮ್ಮೂರು ಸೇರುತ್ತಾರೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಆ ಮನೆಯಲ್ಲಿ ಉಳಿದವರು ಮಾರನೆಯ ದಿನ ಎದ್ದು ಏನು ಮಾಡಿದರು ಅನ್ನುವುದು ಒಂದರಲ್ಲೂ ಇರಲಿಲ್ಲ.