ಟೋಪಿಯೊಳಗಿನ ಒಕ್ಕಣ್ಣ ಕಾಳು

ವಿನ್ಸ್‌ಬರಿಯಲ್ಲಿ ನಮಗಿಂತ ಮೊದಲಿದ್ದ ಅಮೆರಿಕದ ಮೂಲನಿವಾಸಿ ನಿಪ್ಮಕ್ ಜನ ಮೆಕ್ಕೆಜೋಳ ಬೆಳೆಯುತ್ತಿದ್ದರು. ನಮ್ಮವರು ಬಂದು ಮೊದಲ ವರ್ಷ ಬೆಳೆದದ್ದು ಕಲ್ಲು. ಜೇಬೆಜ್ ಪ್ರಾಟನ ಹೊಲದಲ್ಲಂತೂ ಬೆಳಿಗ್ಗೆ ಕಿತ್ತ ಕಲ್ಲು ಸಂಜೆಯೊಳಗೆ ಮರಿ ಹಾಕುತ್ತಿತ್ತು. ಅವುಗಳಿಂದ ಅವನು ಕಟ್ಟಿದ ಗೋಡೆ ಎಷ್ಟು ಉದ್ದವೆಂದರೆ, ಆ ತುದಿಯಲ್ಲಿ ಹಿಮ ಬೀಳುವಾಗ ಈ ತುದಿಯಲ್ಲಿ ಹುಲ್ಲು ಕೊಯ್ಯುತ್ತಿದ್ದರು.

ಮೊದಲ ಚಳಿಗಾಲವನ್ನು ಜೇಬೆಜ್, ಅವನ ಹೆಂಡತಿ ಹೆಪ್ಸಿ, ಹೆಪ್ಸಿಯ ತಮ್ಮ ಆಮೋಸ್ ಮೂವರೂ ಗುಡ್ಡದಲ್ಲಿ ಕೊರೆದ ಗುಂಡಿಯೊಳಗೆ ಕಳೆದರು. ಇದ್ದದ್ದು ಒಂದೇ ಕಂಬಳಿ. ಅದರಲ್ಲೂ ಹೆಚ್ಚಿನ ಪಾಲು ಹಸುವಿನದು. ತವರಿನಿಂದ ಲಂಗದ ಅಂಚಿಗೆ ಹೊಲಿದು ತಂದಿದ್ದ ಬೀನ್ಸ್ ಬೀಜವನ್ನು ಹೆಪ್ಸಿ ಹಸಿವಿನಲ್ಲೂ ಬೇಯಿಸಲಿಲ್ಲ. ಬಿಳಿ ಕಾಳು, ಒಂದು ಪಕ್ಕ ಕೆಂಪು ಮಚ್ಚೆ, ಒಂದು ಕಣ್ಣು ಮುಚ್ಚಿದ ಬೆಕ್ಕಿನ ಮುಖದ ಹಾಗೆ. ವಸಂತ ಬಂದಾಗ ಅರ್ಧ ತಾನು ಬಿತ್ತಿದಳು, ಅರ್ಧ ತಮ್ಮನ ಬೊಗಸೆಗೆ ಹಾಕಿದಳು. ಊರಿನ ಬೇರೆ ಯಾವ ಮನೆಯಲ್ಲೂ ಆ ಕಾಳು ಇರಲಿಲ್ಲ.

ಮುಂದೊಂದು ವರ್ಷ ಮರ ಕಡಿಯುವಾಗ ಕೊಂಬೆ ಬಿದ್ದು ಹೆಪ್ಸಿಯ ಸೊಂಟ ಮುರಿಯಿತು. ಪಕ್ಕದೂರಿನ ಪ್ರಾರ್ಥನಾಮಂದಿರಕ್ಕೆ ಹೋಗುವುದು ಅಲ್ಲಿಗೆ ನಿಂತಿತು. ಆದ್ದರಿಂದ ನಮ್ಮೂರಿಗೇ ಮಂದಿರ ಕಟ್ಟುವ ಮಾತು ಎದ್ದಾಗ ಜೇಬೆಜ್ ತನ್ನ ಮನೆಯ ಮಗ್ಗುಲಿನ ಗುಡ್ಡವನ್ನೇ ಬಿಟ್ಟುಕೊಡುತ್ತೇನೆಂದ. ಅಲ್ಲಿಗಾದರೆ ಅವಳು ಕೋಲೂರಿಕೊಂಡು ಹೋಗಬಲ್ಲಳು. ಹೊಳೆಯಾಚೆ ಪಡುವಣ ದಂಡೆಯವರು ತಮ್ಮ ಕಡೆಗೇ ಬೇಕೆಂದು ಹಟ ಹಿಡಿದರು.

"ನಿನ್ ಗುಡ್ಡದ್ ಮೇಲೆ ಕಟ್ಟಿದ್ರೆ ಪಾದ್ರಿಗಿಂತ ಮೊದ್ಲು ಗಾಳಿನೇ ಉಪದೇಶ ಶುರು ಮಾಡುತ್ತಲ್ಲಯ್ಯಾ!" ಎಂದು ನಕ್ಕರು.

"ಮಾಡ್ಲಿ ಬಿಡಿ, ಗಾಳಿ ಬೇಗ ಮುಗ್ಸುತ್ತೆ," ಎಂದ ಜೇಬೆಜ್.

ಊರಸಭೆಯಲ್ಲಿ ಇದನ್ನು ಮತಕ್ಕೆ ಹಾಕುವ ಹಿಂದಿನ ದಿನ ಆಮೋಸ್ ಬಂದು ಅಕ್ಕನ ಕೈ ಹಿಡಿದ. "ಭಾವ, ನನ್ ಕಾಳಿನ್ ಚಿಂತೆ ಬಿಡು. ಅಕ್ಕನಿಗೋಸ್ಕರ ಜೋಳದ್ ತೆನೆನೇ ಹಾಕ್ಬಿಡ್ತೀನಿ."

ನಮ್ಮಲ್ಲಿ ಮತ ಹಾಕುವುದು ಕಾಳಿನಿಂದ. ಒಪ್ಪಿಗೆಯಿದ್ದರೆ ಜೋಳ, ಇಲ್ಲದಿದ್ದರೆ ಬೀನ್ಸ್. ಗಂಡಸರು ಮನೆಯಿಂದಲೇ ಜೇಬಿನಲ್ಲಿ ತಂದು, ಮುಷ್ಟಿ ಬಿಡಿಸದೆ ಸಭೆಯ ಹಿರಿಯನ ಟೋಪಿಯೊಳಗೆ ಉದುರಿಸುತ್ತಾರೆ. ಗುಡ್ಡಕ್ಕೆ ಒಪ್ಪಿಗೆಯೇ ಎಂದು ಹಿರಿಯ ಕೇಳಿದ. ಟೋಪಿ ಸುತ್ತಿಬಂತು. ಮೇಜಿನ ಮೇಲೆ ಸುರಿದು ನೋಡಿದರೆ ಜೋಳಕ್ಕಿಂತ ಬೀನ್ಸ್ ಒಂದೇ ಒಂದು ಹೆಚ್ಚು.

ಜೇಬೆಜ್ ಬಗ್ಗಿದ. ಊರಿನ ಕಪ್ಪು, ಕಂದು ಕಾಳುಗಳ ನಡುವೆ ಒಕ್ಕಣ್ಣ ಬೆಕ್ಕೊಂದು ಅವನನ್ನೇ ನೋಡುತ್ತಿತ್ತು. ತಾನು ಹಾಕಿದ್ದಂತೂ ಜೋಳ. ತಲೆಯೆತ್ತಿದಾಗ ಆಮೋಸ್ ತನ್ನ ಬೂಟುಗಳನ್ನು ಅಂದೇ ಮೊದಲ ಸಲ ಕಂಡವನಂತೆ ನೋಡುತ್ತ ನಿಂತಿದ್ದ. ಜೇಬೆಜ್ ಆ ಕಾಳನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಯಾರೂ ಬೇಡವೆನ್ನಲಿಲ್ಲ.

ದೇವರ ದಿನವಾದ ಭಾನುವಾರ ಒಲೆ ಹೊತ್ತಿಸುವ ಹಾಗಿಲ್ಲವಾದ್ದರಿಂದ ಶನಿವಾರವೇ ಎಲ್ಲ ಮನೆಗಳಲ್ಲೂ ಬೀನ್ಸ್ ಮಡಕೆ ಬೇಯುತ್ತದೆ. ಆಮೋಸ್ ಎಂದಿನಂತೆ ಊಟಕ್ಕೆ ಬಂದ. ಹೆಪ್ಸಿ ಅವನ ತಟ್ಟೆಗೆ ಬಡಿಸಿದಳು: ಒಂದೇ ಕಾಳು, ಹಸಿಯದು.

"ಇದೇನಕ್ಕಾ?"

"ನಿಂದೇ ಕಣೋ. ನಂಗೆ ವಾಪಸ್ ಬಂತು."

ಆಮೋಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಮಂದಿರದ ಪಕ್ಕ ಸೇಬಿನ ಮದ್ಯ ಮಾರೋ ಹಕ್ಕು ನಂಗೇ ಕೊಡ್ತೀವಿ ಅಂದ್ರು ಅಕ್ಕಾ, ಆ ದಂಡೆಯೋರು. ಗಾಡಿ ತಗೋತೀನಿ. ನಿನ್ನ ನಾನೇ ಕರ್ಕೊಂಡ್ ಹೋಗ್ತೀನಿ."

"ಲೋ, ನಂಬ್ಸಿ ಕತ್ತು ಕೊಯ್ದು ಈಗ ಮುಲಾಮು ಹಚ್ತೀಯಾ?" ಜೇಬೆಜ್ ಎದ್ದು ನಿಂತ. "ಜೋಳಕ್ಕೇನು ನಿನ್ ಮನೇಲಿ ಬರ ಬಂದಿತ್ತಾ?"

"ಕೂಗ್ಬೇಡಿ," ಎಂದಳು ಹೆಪ್ಸಿ. "ಹಸಿವಲ್ಲಿ ಉಳ್ಸಿದ್ ಬೀಜ ಅದು. ನಮ್ಮೆರಡು ಮನೇಲಿ ಬಿಟ್ರೆ ಎಲ್ಲೂ ಇಲ್ಲ, ಅದಕ್ಕೇ ಗುರುತು ಸಿಕ್ಬಿಡ್ತು. ಸಿಗ್ಬಾರ್ದಿತ್ತು."

ಆಮೋಸ್ ಉಣ್ಣದೆ ಎದ್ದುಹೋದ. ಅವನ ಗಾಡಿ ಬಂದಾಗಲೆಲ್ಲ ಹೆಪ್ಸಿ ಸೊಂಟ ನೋವೆಂದು ಬಾಗಿಲು ಮುಚ್ಚಿದಳು; ಹೊಳೆಯಾಚೆ ಎದ್ದ ಹೊಸ ಮಂದಿರದ ಹೊಸ್ತಿಲನ್ನು ಕಡೆಗೂ ತುಳಿಯಲಿಲ್ಲ. ಆದರೆ ಮರುವಸಂತದಲ್ಲಿ ಮಾತ್ರ ಆ ಬೀಜವನ್ನು ಪುಟ್ಟ ಪುಟ್ಟ ಗಂಟು ಕಟ್ಟಿ ಪಡುವಣ ದಂಡೆಯ ಮನೆಗಳಿಗೂ ಬಿಡದೆ ಹಂಚಿಸಿದಳು.

"ಅವ್ರಿಗೂನಾ?" ಎಂದು ಜೇಬೆಜ್ ಹೌಹಾರಿದ.

"ಎಲ್ಲರ್ ಮನೇಲೂ ಇರ್ಲಿ. ಇನ್ಮೇಲೆ ಯಾವ್ ಅಕ್ಕನೂ ತಮ್ಮನ್ ಕಾಳಿನ್ ಗುರುತು ಹಿಡಿಯೋದು ಬೇಡ."

ಇಂದಿಗೂ ವಿನ್ಸ್‌ಬರಿಯ ಮಡಕೆಗಳಲ್ಲೆಲ್ಲ ಬೇಯುವುದು ಒಕ್ಕಣ್ಣ ಬೆಕ್ಕೇ. ಅದರ ಘಮಕ್ಕೆ ಸಮುದ್ರದಾಚೆಯ ಹಡಗುಗಳು ದಾರಿ ತಪ್ಪಿ ಬರುತ್ತವೆ ಎನ್ನುತ್ತಾರೆ. ಜೇಬೆಜ್ ಮಾತ್ರ ಸಾಯುವ ತನಕ ಶನಿವಾರಗಳಂದು ಬರೀ ಜೋಳದ ಗಂಜಿ ಕುಡಿದ.